ನಾಗಂದಿಗೆ ಮೇಲಿನ ತಂಬಿಗೆ

ಚನ್ನಕ್ಕ ಗದ್ದವನ್ನು ಪ್ಲಾಸ್ಟಿಕ್ ಆಸರೆಯ ಮೇಲಿಟ್ಟು, ಹಣೆಯನ್ನು ಎದುರಿನ ಪಟ್ಟಿಗೆ ಒತ್ತಿಕೊಂಡು ಕೂತಿದ್ದರು. ಕಡ್ಡಿಯಷ್ಟು ಸಣ್ಣ ಬೆಳಕೊಂದು ಅವರ ಬಲಗಣ್ಣಿನ ಮೇಲೆ ಅತ್ತಿಂದಿತ್ತ ಹರಿದಾಡುತ್ತಿತ್ತು. ಪ್ರತಿ ವರ್ಷ ಇದು ಅರ್ಧ ನಿಮಿಷದ ಕೆಲಸ. 1998ರ ನವೆಂಬರ್ 17ರ ಮಂಗಳವಾರ ಬೆಳಿಗ್ಗೆ ಅದು ಆರು ನಿಮಿಷ ಹಿಡಿಯಿತು. ಹೊರಗಿನ ಬೆಂಚಿನಲ್ಲಿ ಜೊತೆಯ ಐವರು ಹೆಂಗಸರು ಕಾಯುತ್ತಿದ್ದರು. ಇಷ್ಟು ಹೊತ್ತಾಯಿತೆಂದರೆ ಚನ್ನಕ್ಕನ ಕಣ್ಣು ಹೋಯಿತು, ನಾಳೆಯಿಂದ ಪ್ಯಾಕಿಂಗ್‌ಗೆ ಹಾಕುತ್ತಾರೆ ಎಂದು ಒಬ್ಬರು ಹೇಳಿದ್ದು ಒಳಗೂ ಕೇಳಿಸಿತು.

ಅವರು ಬಂದದ್ದು ಪೀಣ್ಯ ಎರಡನೇ ಹಂತದ ಒಂದು ಕಾರ್ಖಾನೆಯಿಂದ. ಟೆಲಿಫೋನ್ ಎಕ್ಸ್‌ಚೇಂಜ್‌ಗಳಿಗೆ ಬೇಕಾಗುವ ಹಿತ್ತಾಳೆಯ ಪಿನ್ನುಗಳು ಅಲ್ಲಿ ತಯಾರಾಗುತ್ತವೆ. ಒಂದೊಂದೂ ಜೀರಿಗೆ ಕಾಳಿಗಿಂತ ಸ್ವಲ್ಪ ಉದ್ದ. ಅವುಗಳ ಬಿರುಕು, ಮುಕ್ಕು, ಗೀರು ಹುಡುಕುವುದು ತಪಾಸಣೆ ವಿಭಾಗದ ಈ ಆರು ಹೆಂಗಸರ ಕೆಲಸ. ಟ್ಯೂಬ್‌ಲೈಟಿನ ಕೆಳಗೆ ಭೂತಗನ್ನಡಿ ಹಿಡಿದು ಚನ್ನಕ್ಕ ಹದಿನಾಲ್ಕು ವರ್ಷದಿಂದ ಪಿನ್ನು ನೋಡುತ್ತಿದ್ದರು. ವರ್ಷಕ್ಕೊಮ್ಮೆ ಕಂಪನಿಯ ಮಟಡೋರ್ ವ್ಯಾನು ಆರೂ ಜನರನ್ನು ರಾಜಾಜಿನಗರದ ಒಂದು ಕಣ್ಣಾಸ್ಪತ್ರೆಗೆ ಕರೆತರುತ್ತಿತ್ತು. ಹೊರಡುವಾಗ ಸೂಪರ್‌ವೈಸರ್ ಗೋಪಾಲಪ್ಪ ಪ್ರತಿ ಸಲ ಒಂದೇ ಮಾತು ಹೇಳುತ್ತಿದ್ದರು: "ನಿಮ್ ಕಣ್ಣು ಕಂಪ್ನಿ ಆಸ್ತಿ ಕಣ್ರಮ್ಮಾ. ಮನೇಲಿ ಅತ್ತುಗಿತ್ತು ಹಾಳ್ಮಾಡ್ಕೊಂಡ್ ಬರ್ಬೇಡಿ."

ಡಾಕ್ಟರ್ ಹೆಸರು ನಿವೇದಿತಾ. ಮೂವತ್ತರ ಆಸುಪಾಸು, ದಾವಣಗೆರೆಯವರು, ಆಸ್ಪತ್ರೆಗೆ ಹೊಸಬರು. ಅವರು ಯಂತ್ರದ ಹಿಂದಿನಿಂದ ತಲೆ ಎತ್ತಿ ಚನ್ನಕ್ಕನ ವಯಸ್ಸು ಕೇಳಿದರು. ಮೂವತ್ತೆಂಟು. ಕಣ್ಣಿಗೆ ಯಾವಾಗಲಾದರೂ ಏಟು ಬಿದ್ದಿತ್ತೇ ಎಂದು ಕೇಳಿದರು. ಇಲ್ಲ. ಸಕ್ಕರೆ ಕಾಯಿಲೆ? ಇಲ್ಲ. ಕಣ್ಣು ಚೆನ್ನಾಗಿಯೇ ಇದೆ, ಕೆಲಸಕ್ಕೆ ತೊಂದರೆಯಿಲ್ಲ ಎಂದು ಚೀಟಿಯಲ್ಲಿ ಬರೆದರು. ಬರೆದು ಮುಗಿಸಿ, ಪೆನ್ನು ಕೈಯಲ್ಲಿಟ್ಟುಕೊಂಡೇ ಇನ್ನೊಂದು ಪ್ರಶ್ನೆ ಕೇಳಿದರು.

"ನಿಮ್ಮ ಅಣ್ಣತಮ್ಮಂದಿರಲ್ಲಿ ಯಾರಿಗಾದ್ರೂ ಹುಟ್ಟಿದಾಗ್ಲೇ ಕಣ್ಣಲ್ಲಿ ಪೊರೆ ಇತ್ತಾಮ್ಮ? ಮೈ ತುಂಬ ಸಡಿಲ, ಎತ್ಕೊಂಡ್ರೆ ಜೋತು ಬೀಳೋ ಥರ?"

ಚನ್ನಕ್ಕ ಇಲ್ಲವೆಂದರು. ಸೆರಗು ಸರಿ ಮಾಡಿಕೊಂಡು ಎದ್ದು ಹೊರಗೆ ಬಂದರು. ಗುರುತು ಪರಿಚಯವಿಲ್ಲದ ಹೆಂಗಸೊಬ್ಬಳು ತನ್ನ ಕಣ್ಣೊಳಗೆ ಬೆಳಕು ಬಿಟ್ಟು, ಇಪ್ಪತ್ತೇಳು ವರ್ಷಗಳಿಂದ ಯಾರೂ ಹೆಸರೆತ್ತದ ತಮ್ಮನನ್ನು ಅಲ್ಲಿ ನೋಡಿದ್ದಳು.

ತಮ್ಮನ ಹೆಸರು ಬಸು. ಹುಟ್ಟಿದ್ದು 1962ರಲ್ಲಿ, ಹಾವೇರಿ ಹತ್ತಿರದ ಒಂದು ಹಳ್ಳಿಯಲ್ಲಿ. ಚನ್ನಕ್ಕನಿಗಿಂತ ಎರಡು ವರ್ಷ ಚಿಕ್ಕವನು. ಹುಟ್ಟಿದಾಗಲೇ ಕಣ್ಣಿನ ಪಾಪೆಗಳು ಮಜ್ಜಿಗೆಯ ಬಣ್ಣಕ್ಕಿದ್ದವು. ಮೂರು ವರ್ಷಕ್ಕೆ ಕೂತ, ಆರಕ್ಕೆ ನಿಂತ. ನಿಂತ ಮೇಲೆ ಕಾಲುಗಳು ಬಿಲ್ಲಿನಂತೆ ಬಾಗಿದವು. ಮಾತು ಹತ್ತು ಹನ್ನೆರಡು ಪದ ದಾಟಲಿಲ್ಲ. ಮುಷ್ಟಿಗಳನ್ನು ಕಣ್ಣಿಗೆ ಒತ್ತಿ ಹಿಡಿದುಕೊಂಡು ತನ್ನಷ್ಟಕ್ಕೆ ನಗುತ್ತಿದ್ದ. ಅಕ್ಕನ ಬಳೆಯ ಸದ್ದು ಕೇಳಿದರೆ ಅತ್ತ ತಿರುಗಿ ಎರಡೂ ಕೈ ಚಾಚುತ್ತಿದ್ದ.

ಅವನು ನೀರು ಕುಡಿಯುತ್ತಿದ್ದದ್ದು ಊರಿಗೇ ಗೊತ್ತಿತ್ತು. ಕುಡಿದಷ್ಟೂ ಹಾಸಿಗೆ ಒದ್ದೆ. ನೀರು ಕಡಿಮೆ ಮಾಡಿದರೆ ಹಾಸಿಗೆ ಒಣಗಿರುತ್ತದೆ ಎಂದು ಮನೆಯ ಹಿರಿಯರು ತೀರ್ಮಾನಿಸಿದರು. ಯಾರೂ ಕೆಟ್ಟವರಲ್ಲ. ಹಾಸಿಗೆ ಒಗೆದು ಒಗೆದು ತಾಯಿಯ ಕೈ ಸೀಳಿತ್ತು. ಹೊತ್ತು ಮುಳುಗುವಾಗ ಬಸುವಿನ ತಂಬಿಗೆಯನ್ನು ನಾಗಂದಿಗೆಯ ಮೇಲಿಡುವುದು ರೂಢಿಯಾಯಿತು. ನಾಗಂದಿಗೆ ಎಂದರೆ ಗೋಡೆಗೆ ಎತ್ತರದಲ್ಲಿ ಹೊಡೆದ ಹಲಗೆ. ಬಸುವಿಗೆ ಅದು ನಿಲುಕುತ್ತಿರಲಿಲ್ಲ. ತಂಬಿಗೆ ಎತ್ತಿಡುವ ಕೆಲಸ ಚನ್ನಕ್ಕನದು. ಅವನು ಖಾಲಿ ಹಿತ್ತಾಳೆ ಲೋಟದ ಬುಡವನ್ನು ನೆಲಕ್ಕೆ ಬಡಿಯುತ್ತಿದ್ದ. ಎರಡು ಬಡಿತ, ಒಂದಿಷ್ಟು ಬಿಡುವು, ಮತ್ತೆ ಎರಡು ಬಡಿತ.

1971ರ ಮೇ ತಿಂಗಳಲ್ಲಿ ಸೋದರತ್ತೆಯ ಮದುವೆ ಅದೇ ಮನೆಯಲ್ಲಿ ನಡೆಯಿತು. ಗಂಡಿನ ಕಡೆಯವರ ಮುಂದೆ ಹುಡುಗ ಬಟ್ಟೆ ಒದ್ದೆ ಮಾಡಿಕೊಂಡು ಕೂರುವುದು ಬೇಡವೆಂದು ಅವನನ್ನು ಹಿತ್ತಲ ಕೋಣೆಯಲ್ಲಿ ಬಿಟ್ಟರು. ಊಟ ಮುಗಿಯುವವರೆಗೆ ನೀರು ಬೇಡ ಎಂದು ದೊಡ್ಡವರು ಹೇಳಿದರು. ಬೆಳಿಗ್ಗೆಯೇ ಚನ್ನಕ್ಕ ತಂಬಿಗೆ ಮೇಲಿಟ್ಟಳು. ಹಿಂದಿನ ದಿನದಿಂದ ಅವನಿಗೆ ಭೇದಿ ಆಗುತ್ತಿತ್ತು, ಅದನ್ನು ಅವಳೊಬ್ಬಳೇ ಗಮನಿಸಿದ್ದಳು. ಮಧ್ಯಾಹ್ನ ಪಂಕ್ತಿ ಕೂತಾಗ ಹನ್ನೊಂದರ ಆ ಹುಡುಗಿಗೆ ಒಂದು ಚೆಂಬು ಕೊಟ್ಟು, ಉಣ್ಣುವವರಿಗೆ ನೀರು ಬಡಿಸಲು ಹೇಳಿದರು. ಮೊದಲ ಪಂಕ್ತಿಗೆ ಬಡಿಸುವಾಗ ಹಿತ್ತಲ ಕೋಣೆಯಿಂದ ಲೋಟದ ಸದ್ದು ಬರುತ್ತಿತ್ತು. ಎರಡನೆಯದಕ್ಕೂ ಬರುತ್ತಿತ್ತು. ಮೂರನೆಯ ಪಂಕ್ತಿಯ ಹೊತ್ತಿಗೆ ನಿಂತಿತು. ನಿಂತದ್ದಕ್ಕೆ ಅವಳಿಗೆ ಸಮಾಧಾನವಾಯಿತು. ಮಲಗಿರಬೇಕು ಅಂದುಕೊಂಡಳು. ಊಟವೆಲ್ಲ ಮುಗಿದು ಕೋಣೆಗೆ ಹೋಗಿ ನೋಡಿದಾಗ ಬಸು ಸತ್ತಿದ್ದ.

ಆ ಸಮಾಧಾನವೇ ಚನ್ನಕ್ಕನನ್ನು ಆಮೇಲೆ ಬಿಡಲಿಲ್ಲ.

ಹದಿನೆಂಟಕ್ಕೆ ಮದುವೆಯಾಗಿ ಚನ್ನಕ್ಕ ಬೆಂಗಳೂರಿಗೆ ಬಂದರು. ಗಂಡ ಈಶಪ್ಪ ಪೀಣ್ಯದಲ್ಲಿ ಲೇತ್ ಕೆಲಸದವರು, ಕಡಿಮೆ ಮಾತಿನ ಮನುಷ್ಯ. ಮರುವರ್ಷ ಮಗಳು ದಾನೇಶ್ವರಿ ಹುಟ್ಟಿದಳು. ಅವಳ ಕಣ್ಣು ಕಪ್ಪಗೆ ಹೊಳೆಯುತ್ತಿದ್ದದ್ದನ್ನು ನೋಡಿದ ಮೇಲೆ ಚನ್ನಕ್ಕ ಯಾರಿಗೂ ಹೇಳದೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಕಾಪರ್-ಟಿ ಹಾಕಿಸಿಕೊಂಡರು. ಮುಂದೆ ಮಕ್ಕಳಾಗಲಿಲ್ಲವೇಕೆ ಎಂದು ಈಶಪ್ಪನಿಗೆ ಕೊನೆಯವರೆಗೂ ತಿಳಿಯಲಿಲ್ಲ. 1994ರಲ್ಲಿ ಅವರು ಹೃದಯಾಘಾತದಿಂದ ತೀರಿಕೊಂಡರು. ಗಂಡು ಹುಟ್ಟಿದರೆ ಅವನು ಬಸುವೇ ಆಗಿರುತ್ತಾನೆ, ಬಂದು ನೀರು ಕೇಳುತ್ತಾನೆ ಎಂದು ಚನ್ನಕ್ಕ ನಂಬಿದ್ದರು. ಚೊಕ್ಕಸಂದ್ರದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಕೋಣೆಗೊಂದರಂತೆ ನೀರಿನ ಕೊಡ, ಅದರ ಪಕ್ಕದಲ್ಲಿ ಲೋಟ, ಎರಡೂ ನೆಲದ ಮೇಲೆ. ಬಂದವರು ಎಡವುತ್ತಿದ್ದರು. ಮೇಲಿಡಿ ಎಂದು ಯಾರು ಹೇಳಿದರೂ ಅವರು ಕೊಡವನ್ನು ಎತ್ತಿಡುತ್ತಿರಲಿಲ್ಲ.

ಕಣ್ಣಾಸ್ಪತ್ರೆಯ ಪ್ರಶ್ನೆ ಅವರನ್ನು ಹೆದರಿಸಿದ್ದಕ್ಕೆ ಇನ್ನೊಂದು ಕಾರಣವಿತ್ತು. ದಾನೇಶ್ವರಿ ಆಗ ಐದು ತಿಂಗಳ ಬಸುರಿ. ಅವಳನ್ನು ಕೊಟ್ಟದ್ದು ವರ್ತೂರಿಗೆ. ಗಂಡ ಶಿವರಾಜ್ ವೈಟ್‌ಫೀಲ್ಡ್ ಕಡೆಯ ಕಟ್ಟಡಗಳಲ್ಲಿ ಎಲೆಕ್ಟ್ರಿಷಿಯನ್, ಅತ್ತೆ ರುದ್ರಮ್ಮ ರಾಣೆಬೆನ್ನೂರು ಕಡೆಯವರು. ಸೆಪ್ಟೆಂಬರ್‌ನಲ್ಲಿ ಮೊದಲ ತಪಾಸಣೆಗೆ ಹೋದಾಗ ಚನ್ನಕ್ಕನೂ ಜೊತೆಗಿದ್ದರು. ಮನೆತನದಲ್ಲಿ ಹುಟ್ಟು ಕಾಯಿಲೆ ಏನಾದರೂ ಇದೆಯೇ ಎಂದು ನರ್ಸ್ ಕೇಳಿದಳು. ರುದ್ರಮ್ಮ ತಮ್ಮ ಮಾವ, ಮಾವನ ತಂದೆ, ಅವರ ಅಣ್ಣತಮ್ಮಂದಿರು ಹೀಗೆ ಒಬ್ಬೊಬ್ಬರನ್ನೇ ಹೆಸರಿಟ್ಟು ಎಣಿಸಿ, ಒಬ್ಬರಿಗೂ ಇಲ್ಲ ಎಂದು ಬರೆಸಿದರು. ಹುಟ್ಟುವ ಕೂಸು ತಮ್ಮ ಮನೆಯದು, ಆದ್ದರಿಂದ ಲೆಕ್ಕ ತಮ್ಮ ಮನೆಯದೇ ಎಂದು ಅವರು ಎಣಿಸಿದ್ದರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ. ಪಕ್ಕದಲ್ಲೇ ಕೂತಿದ್ದ ಚನ್ನಕ್ಕನನ್ನು ನರ್ಸ್ ಕೇಳಲಿಲ್ಲ. ಅವರೂ ಹೇಳಲಿಲ್ಲ. ಸಣ್ಣ ವಯಸ್ಸಿನಲ್ಲಿ ಸತ್ತವರ ಹೆಸರನ್ನು ಬಸುರಿಯ ಮುಂದೆ ಎತ್ತಬಾರದು ಎಂಬುದು ಅವರ ಕಡೆಯ ಕಟ್ಟಳೆ. ಅಂದು ಆ ಕಟ್ಟಳೆ ಅವರಿಗೆ ಅನುಕೂಲವಾಗಿಯೇ ಬಂತು.

ಕಣ್ಣಿನ ಪರೀಕ್ಷೆ ಮುಗಿದ ವಾರದಲ್ಲಿ ಕಾರ್ಖಾನೆಯಲ್ಲಿ ಒಂದು ಎಡವಟ್ಟಾಯಿತು. ಅಲ್ಲಿ ಪ್ರತಿ ಟ್ರೇಗೂ ತಂತಿಯಿಂದ ಒಂದು ಚೀಟಿ ಕಟ್ಟಿರುತ್ತದೆ. ಟ್ರೇ ತಳ್ಳಿಕೊಂಡು ಹೋಗುವವರು ಒಳಗಿನ ಮಾಲು ನೋಡುವುದಿಲ್ಲ, ಚೀಟಿ ನೋಡುತ್ತಾರೆ. ಹಳದಿ ಇದ್ದರೆ ನಿಕ್ಕಲ್ ಲೇಪಕ್ಕೆ, ಹಸಿರು ಇದ್ದರೆ ಪ್ಯಾಕಿಂಗ್‌ಗೆ. ಲೇಪವಾಗಿ ಬಂದ ಪಿನ್ನು ತಪಾಸಣೆಯಲ್ಲಿ ಪಾಸಾದರೆ ಹಳದಿ ಚೀಟಿ ಕಿತ್ತು ಹಸಿರು ಕಟ್ಟಬೇಕು. ಚನ್ನಕ್ಕ ಒಂದು ಟ್ರೇಯ ಪಿನ್ನುಗಳನ್ನೆಲ್ಲ ನೋಡಿ ಮುಗಿಸಿದರು, ಹಳದಿ ಚೀಟಿ ಕೀಳಲಿಲ್ಲ. ಟ್ರೇ ವಾಪಸ್ ಲೇಪದ ತೊಟ್ಟಿಗೆ ಹೋಯಿತು. ಎರಡೆರಡು ಸಲ ಲೇಪವಾದ ಪಿನ್ನು ದಪ್ಪಗಾಗಿ ಯಾವ ತೂತಿಗೂ ಹಿಡಿಸಲಿಲ್ಲ. ಗೋಪಾಲಪ್ಪ ಒಂದು ಹಿಡಿ ಪಿನ್ನು ತಂದು ಅವರ ಮೇಜಿನ ಮೇಲೆ ಸುರಿದರು.

"ಪಿನ್ನಲ್ಲಿ ಒಂದ್ ಗೀರಿಲ್ಲ ಚನ್ನಕ್ಕ, ಬಂಗಾರದಂಗಿದೆ. ಹಳೇ ಚೀಟಿ ಯಾರ್ ಕೀಳ್ತಾರೆ, ನಮ್ಮಪ್ಪಾನಾ?"

ಪಿನ್ನುಗಳು ಸ್ಟೀಲ್ ಮೇಜಿನ ಮೇಲೆ ಬಿದ್ದ ಸದ್ದಿಗೆ ಚನ್ನಕ್ಕ ಬೆಚ್ಚಿದರು. ಮಿಕ್ಕವರು ನಕ್ಕರು. ಹದಿನಾಲ್ಕು ವರ್ಷದಲ್ಲಿ ಅದು ಅವರ ಮೊದಲ ತಪ್ಪು.

ಡಿಸೆಂಬರ್ 5ರ ಶನಿವಾರ ಅರ್ಧ ದಿನ ರಜೆ ಹಾಕಿ ಅವರು ಒಬ್ಬರೇ ರಾಜಾಜಿನಗರಕ್ಕೆ ಹೋದರು. ರೋಗಿಗಳು ಮುಗಿಯುವವರೆಗೆ ಕಾದರು. ಒಳಗೆ ಹೋಗಿ ಕೂತು, ತಮ್ಮ ಇದ್ದ ಎಂದರು. ನಿವೇದಿತಾ ಬಾಗಿಲು ಹಾಕಿಕೊಂಡು ಬಂದರು. ಬಸುವಿನ ಕಣ್ಣು, ಕಾಲು, ಲೋಟ, ಮದುವೆಯ ದಿನ ಎಲ್ಲವನ್ನೂ ಚನ್ನಕ್ಕ ಒಂದೇ ಓಟದಲ್ಲಿ ಹೇಳಿದರು. ಹಾಗೆ ಅದನ್ನು ಪೂರ್ತಿಯಾಗಿ ಹೇಳಿದ್ದು ಬದುಕಿನಲ್ಲಿ ಅದೇ ಮೊದಲು.

ನಿವೇದಿತಾ ತಾವು ನೋಡಿದ್ದನ್ನು ಹೇಳಿದರು. ಚನ್ನಕ್ಕನ ಎರಡೂ ಕಣ್ಣಿನ ಮಸೂರಗಳಲ್ಲಿ ಬಿಳಿಯ ಸಣ್ಣ ಚುಕ್ಕೆಗಳಿವೆ, ಗಾಡಿಚಕ್ರದ ಅರಗಳಂತೆ ನಡುವಿನಿಂದ ಹೊರಕ್ಕೆ ಸಾಲಾಗಿ ನಿಂತಿವೆ. ನೋಟಕ್ಕೆ ಅಡ್ಡಿಯಿಲ್ಲ. ಇದು ಲೋವ್ ಎಂಬ ವೈದ್ಯರ ಹೆಸರಿನಲ್ಲಿ ಕರೆಯುವ ಕಾಯಿಲೆಯ ಗುರುತು. ಕಾಯಿಲೆ ಬೀಳುವುದು ಗಂಡು ಮಕ್ಕಳಿಗೆ, ಅದನ್ನು ಹೊತ್ತು ದಾಟಿಸುವುದು ಹೆಣ್ಣುಮಕ್ಕಳು. ಹೊತ್ತವರಿಗೆ ಏನೂ ಆಗುವುದಿಲ್ಲ, ಕಣ್ಣಲ್ಲಿ ಚುಕ್ಕೆ ಮಾತ್ರ ಉಳಿಯುತ್ತದೆ.

ಒಂದೇ ಕಾಯಿಲೆ ಕಣ್ಣಿಗೂ ಬುದ್ಧಿಗೂ ಹಾಸಿಗೆ ಒದ್ದೆಯಾಗುವುದಕ್ಕೂ ಹೇಗೆ ಕಾರಣವಾಗುತ್ತದೆ ಎಂದು ಚನ್ನಕ್ಕ ಕೇಳಿದರು. ನಿವೇದಿತಾ ಒಂದು ಹಾಳೆ ತೆಗೆದು ಗೆರೆ ಎಳೆದರು. ಮೈಯ ಪ್ರತಿ ಕೋಶದಲ್ಲೂ ಪ್ರೋಟೀನುಗಳು ತಯಾರಾಗುತ್ತವೆ. ತಯಾರಾದರೆ ಸಾಲದು, ಅವು ತಮ್ಮ ತಮ್ಮ ಜಾಗಕ್ಕೆ ಹೋಗಿ ಮುಟ್ಟಬೇಕು. ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳಲ್ಲಿ ಅವು ಓಡಾಡುತ್ತವೆ. ಮೂತ್ರಪಿಂಡದಲ್ಲಿ ರಕ್ತವನ್ನು ಸೋಸಿದಾಗ ಮೈಗೆ ಬೇಕಾದ ನೀರು, ಉಪ್ಪು, ಅಡುಗೆ ಸೋಡಾದಂಥ ಕ್ಷಾರ, ಪ್ರೋಟೀನಿನ ಚೂರುಗಳೂ ಒಂದು ಕೊಳವೆಗೆ ಬೀಳುತ್ತವೆ. ಕೊಳವೆಯ ಗೋಡೆಯ ಕೋಶಗಳು ಅವನ್ನು ಹೆಕ್ಕಿ ವಾಪಸ್ ಎಳೆದುಕೊಳ್ಳುತ್ತವೆ. ಹೆಕ್ಕುವ ಕೈಗಳೂ ಪ್ರೋಟೀನುಗಳೇ. ಅವು ಸರಕು ಹಿಡಿದು ಚೀಲದಲ್ಲಿ ಒಳಗೆ ಹೋಗಿ, ಇಳಿಸಿ, ಮತ್ತೆ ಗೋಡೆಗೆ ಬಂದು ನಿಲ್ಲಬೇಕು. ಚೀಲ ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಅದರ ಹೊರಮೈಯಲ್ಲಿ ಒಂದು ಗುರುತಿರುತ್ತದೆ, ಒಂದು ತಾಣ ದಾಟಿದ ಮೇಲೆ ಆ ಗುರುತನ್ನು ತೆಗೆಯುವ ಪ್ರೋಟೀನು ಬೇರೆ ಇದೆ. ಬಸುವಿನಂಥ ಹುಡುಗರಲ್ಲಿ ಇಲ್ಲದ್ದು ಆ ಒಂದು. ಮಿದುಳಿಗೂ ಕಣ್ಣಿನ ಮಸೂರಕ್ಕೂ ಅದೇ ಬೇಕು. ಇದನ್ನು ಗುರುತಿಸಿ ಇನ್ನೂ ಆರು ವರ್ಷವಾಗಿದೆಯಷ್ಟೇ, ಪೂರ್ತಿ ವಿವರ ಯಾರಿಗೂ ಗೊತ್ತಿಲ್ಲ, ಹೀಗಿರಬೇಕು ಎಂದು ಅಂದಾಜು ಮಾಡುತ್ತಿದ್ದಾರೆ ಎಂದೂ ಹೇಳಿದರು.

ಚನ್ನಕ್ಕ ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡು ನೋಡಿದರು.

"ಅಂದ್ರ ಮಾಲು ಕೆಟ್ಟಿಲ್ರೀ. ಹಳೇ ಚೀಟಿ ಕೀಳೋರು ಇಲ್ಲ. ಟ್ರೇ ಹೋಗೋ ಕಡೆ ಹೋಗವಲ್ದು."

"ಅಷ್ಟೇ," ಎಂದರು ನಿವೇದಿತಾ. ಆ ಮಾತಿನ ಹಿಂದಿನ ಟ್ರೇ ಯಾವುದೆಂದು ಅವರಿಗೆ ಗೊತ್ತಿರಲಿಲ್ಲ. "ಅವ್ನು ನೀರು ಕುಡಿದಿದ್ದಕ್ಕೆ ಹಾಸಿಗೆ ಒದ್ದೆ ಆಗ್ತಿರ್ಲಿಲ್ಲಮ್ಮ. ಮೈಯಲ್ಲಿರೋ ನೀರು ನಿಲ್ದೆ ಹೋಗ್ತಿತ್ತು, ಅದಕ್ಕೆ ಕುಡೀತಿದ್ದ."

ಚನ್ನಕ್ಕ ಹಾಳೆಯನ್ನು ಡಾಕ್ಟರ್ ಕಡೆಗೆ ಹಿಂದಕ್ಕೆ ತಳ್ಳಿದರು.

"ಅವತ್ತ ನಾ ನೀರು ಕೊಟ್ಟಿದ್ರ ಬದುಕ್ತಿದ್ನೇನ್ರಿ?"

"ಎಷ್ಟು ವರ್ಷ ಬದುಕ್ತಿದ್ನೋ ಹೇಳಕ್ಕಾಗಲ್ಲ. ಅವತ್ತು ಸಾಯ್ತಿರ್ಲಿಲ್ಲ ಅನ್ಸುತ್ತೆ."

ಹಾಗೆ ಹೇಳಬಾರದಿತ್ತು ಎಂದು ನಿವೇದಿತಾಗೆ ಆಡಿದ ಕೂಡಲೇ ಅನ್ನಿಸಿತು. ಚನ್ನಕ್ಕ ಅಳಲಿಲ್ಲ. ಮಗಳಿಗೆ ಐದೂವರೆ ತಿಂಗಳು ಎಂದರು. ಈಗ ಮಾತಿನ ದಿಕ್ಕು ಬದಲಾಯಿತು. ದಾನೇಶ್ವರಿಯ ಕಣ್ಣು ನೋಡಬೇಕು, ಚುಕ್ಕೆ ಇಲ್ಲದಿದ್ದರೆ ಬಹುತೇಕ ನಿಶ್ಚಿಂತೆ. ಇದ್ದು, ಹುಟ್ಟುವುದು ಗಂಡಾದರೆ, ಅರ್ಧಕ್ಕರ್ಧ ಸಾಧ್ಯತೆ. ಹೊಟ್ಟೆಯೊಳಗಿನ ಕೂಸಿಗೆ ಈ ಪರೀಕ್ಷೆ ಮಾಡುವ ವ್ಯವಸ್ಥೆ ಇಲ್ಲಿಲ್ಲ. ಆದರೆ ಮೊದಲೇ ತಿಳಿದಿದ್ದರೆ ಹುಟ್ಟಿದ ದಿನವೇ ಕಣ್ಣು ನೋಡಬಹುದು, ಎರಡು ತಿಂಗಳೊಳಗೆ ಪೊರೆ ತೆಗೆದರೆ ಒಂದಿಷ್ಟಾದರೂ ನೋಟ ಉಳಿಯುತ್ತದೆ. ರಕ್ತ ಪರೀಕ್ಷೆ ಮಾಡುತ್ತ ಸೋಡಾ ದ್ರಾವಣ ಕೊಟ್ಟರೆ ಎಲುಬು ಬಾಗುವುದಿಲ್ಲ. ನೀರು ತಪ್ಪಿಸಬಾರದು. ಕಾಯಿಲೆ ಹೋಗುವುದಿಲ್ಲ, ಹುಡುಗ ಉಳಿಯುತ್ತಾನೆ.

ಇದನ್ನು ಮಗಳಿಗೆ ಹೇಳಬೇಕಿತ್ತು. ಹೇಳಿದರೆ ರುದ್ರಮ್ಮ ಮಗಳನ್ನು ಇಟ್ಟುಕೊಳ್ಳುತ್ತಾರೋ ಇಲ್ಲವೋ ಗೊತ್ತಿರಲಿಲ್ಲ. ಚನ್ನಕ್ಕ ಐದು ವಾರ ಸುಮ್ಮನಿದ್ದರು. ಆ ಐದು ವಾರ ಕಾರ್ಖಾನೆಯಲ್ಲಿ ಅವರು ಪ್ರತಿ ಚೀಟಿಯನ್ನೂ ಎರಡೆರಡು ಸಲ ಮುಟ್ಟಿ ನೋಡುತ್ತಿದ್ದರು ಎಂದು ಜೊತೆಯವರು ನೆನೆಸಿಕೊಳ್ಳುತ್ತಾರೆ. ಮಧ್ಯಾಹ್ನ ಊಟದ ಹೊತ್ತಿಗೆ ಯಂತ್ರಗಳು ನಿಂತಾಗ ಡಬ್ಬಿ ಬಿಚ್ಚದೆ ಕಿವಿಗೊಟ್ಟು ಕೂತಿರುತ್ತಿದ್ದರಂತೆ. ಏನು ಕೇಳುತ್ತಿದ್ದೀಯ ಎಂದು ಒಮ್ಮೆ ಒಬ್ಬರು ಕೇಳಿದ್ದಕ್ಕೆ, ಯಾರೋ ಲೋಟ ಬಡಿಯುತ್ತಿದ್ದಾರೆ ಎಂದರಂತೆ. ಯಾರೂ ಬಡಿಯುತ್ತಿರಲಿಲ್ಲ.

ಏಳನೇ ತಿಂಗಳಿಗೆ ಕುಬಸ, ಅಂದರೆ ಸೀಮಂತ, ಮಾಡಿ ಮಗಳನ್ನು ತವರಿಗೆ ಕರೆತರುವುದು ಪದ್ಧತಿ. ದಿನ ಗೊತ್ತು ಮಾಡುವ ನೆಪದಲ್ಲಿ ಜನವರಿ 10ರ ಭಾನುವಾರ ಚನ್ನಕ್ಕ ವರ್ತೂರಿಗೆ ಹೊರಟರು. ದಾಸರಹಳ್ಳಿಯಿಂದ ಮೆಜೆಸ್ಟಿಕ್, ಅಲ್ಲಿಂದ ಮಾರತ್ತಹಳ್ಳಿ ಮೇಲೆ ಹೋಗುವ ಬಸ್ಸು, ಮೂರು ಗಂಟೆಯ ದಾರಿ. ಕೆರೆ ಏರಿಯ ಕೆಳಗಿನ ಸಾಲುಮನೆಯಲ್ಲಿ ಶಿವರಾಜ್ ಇರಲಿಲ್ಲ, ಕೆಲಸಕ್ಕೆ ಹೋಗಿದ್ದ. ಅತ್ತೆ ಸೊಸೆ ಹೊಸ್ತಿಲ ಬಳಿ ಅವರೆಕಾಯಿ ಬಿಡಿಸುತ್ತಿದ್ದರು. ರುದ್ರಮ್ಮ ಕುಬಸದ ಸೀರೆಯ ಬಣ್ಣ, ಬರುವವರ ಸಂಖ್ಯೆ, ಯಾವ ವಾರ ಒಳ್ಳೆಯದು ಎಲ್ಲ ಹೇಳಿದರು. ಚನ್ನಕ್ಕ ಎಲ್ಲಕ್ಕೂ ಹೂಂ ಅಂದರು. ಆಮೇಲೆ ಒಂದು ಹೆಸರು ಹೇಳಬೇಕಾಗಿದೆ, ಬಸುರಿ ಮುಂದೆ ಹೇಳುವಂಥದ್ದಲ್ಲ, ಆದರೂ ಅವಳ ಮುಂದೆಯೇ ಹೇಳಬೇಕು ಎಂದರು.

ರುದ್ರಮ್ಮ ಕೊನೆಯವರೆಗೂ ಕಾಯಿ ಬಿಡಿಸುತ್ತಲೇ ಕೇಳಿದರು. ಸಿಪ್ಪೆ ಮೊರದಲ್ಲಿ, ಕಾಳು ಪಾತ್ರೆಯಲ್ಲಿ. ಚನ್ನಕ್ಕ ಮುಗಿಸಿದಾಗ ದಾನೇಶ್ವರಿ ಮಾತಾಡಿದಳು.

"ಅದಕ್ಕೇನವ್ವ ನೀ ಕೊಡ ನೆಲದ ಮ್ಯಾಲ ಇಡತಿದ್ದಿ?"

ಚನ್ನಕ್ಕ ತಲೆಯಾಡಿಸಿದರು.

"ನಾ ಎಷ್ಟು ಸಲ ಎಡವೇನಿ. ಒಮ್ಮೆನೂ ಹೇಳಲಿಲ್ಲಲ್ಲ."

ರುದ್ರಮ್ಮ ಮೊರ ಸರಿಸಿದರು. ಅವರ ದನಿ ಏರಲಿಲ್ಲ. "ಲಗ್ನಕ್ಕ ಮೊದಲ ಹೇಳಬೇಕಿತ್ತು ಬೀಗ್ತಿ."

"ಹೌದ್ರಿ."

"ದವಾಖಾನ್ಯಾಗ ನಾ ನಮ್ಮ ಮಾವನ ಅಪ್ಪನ ತನಕ ಎಣಿಸಿದೆ. ನೀವು ಬಾಜೂನ ಕುಂತಿದ್ರಿ."

"ಹೌದ್ರಿ."

"ಕಣ್ಣು ತೋರಸ್ರಿ. ಏನೂ ಇಲ್ಲ ಅಂದ್ರ ಈ ಮಾತು ಮತ್ತ ಎತ್ತಬ್ಯಾಡ್ರಿ. ಐತಿ ಅಂದ್ರ, ಬಾಣಂತನ ನಿಮ್ಮಲ್ಲೇ ಆಗಲಿ. ಹೊಳ್ಳಿ ಕರಕೊಳ್ಳೋದು ಆಮ್ಯಾಲ ನೋಡೂಣು."

ಅಷ್ಟು ಹೇಳಿ ಅವರು ಒಳಗೆ ಹೋದರು. ತುಸು ಹೊತ್ತಿನ ಮೇಲೆ ಬಂದು ಚನ್ನಕ್ಕನ ಮುಂದೆ ಒಂದು ಲೋಟ ನೀರು ಇಟ್ಟರು. ಚನ್ನಕ್ಕನಿಗೆ ಅದನ್ನು ಎತ್ತಿಕೊಳ್ಳಲು ಆಗಲಿಲ್ಲ.

ಮಾರನೇ ದಿನ ಶಿವರಾಜ್ ಕೆಲಸಕ್ಕೆ ಹೋಗದೆ ಹೆಂಡತಿಯನ್ನು ರಾಜಾಜಿನಗರಕ್ಕೆ ಕರೆತಂದ. ದಾನೇಶ್ವರಿ ಗದ್ದವಿಟ್ಟು ಕೂತಳು. ಈ ಸಲ ನಿವೇದಿತಾಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಹತ್ತೊಂಬತ್ತರ ಹುಡುಗಿಯ ಮಸೂರದಲ್ಲಿ ಅಮ್ಮನಷ್ಟು ಚುಕ್ಕೆಗಳಿರಲಿಲ್ಲ, ಆದರೆ ಸಾಲುಗಳು ಅವೇ. ತನಗೆ ಬೆಳಕು ಬಿಟ್ಟು ಬೇರೇನೂ ಕಾಣಲಿಲ್ಲವೆಂದು ದಾನೇಶ್ವರಿ ಹೊರಗೆ ಬಂದು ಹೇಳಿದಳು. ಶಿವರಾಜ್ ತನ್ನ ಕಣ್ಣನ್ನೂ ನೋಡಿ ಎಂದು ಡಾಕ್ಟರನ್ನು ಕೇಳಿದ. ಅದರ ಅಗತ್ಯವಿಲ್ಲವೆಂದರೂ ಕೇಳಲಿಲ್ಲ. ಅವನ ಕಣ್ಣಲ್ಲಿ ಏನೂ ಇರಲಿಲ್ಲ. ಬಸ್ ಸ್ಟಾಪಿನವರೆಗೂ ಅವನು ಹೆಂಡತಿಯ ಚೀಲವನ್ನು ತಾನೇ ಹಿಡಿದುಕೊಂಡು ಹಿಂದೆ ಹಿಂದೆ ನಡೆದ.

ಕುಬಸಕ್ಕೆ ಕರೆದದ್ದು ನಾಲ್ಕೇ ಮಂದಿಯನ್ನು. ದಾನೇಶ್ವರಿ ಚೊಕ್ಕಸಂದ್ರಕ್ಕೆ ಬಂದಳು. ಬಂದ ದಿನವೇ ಹೊರಕೋಣೆಯ ಕೊಡಕ್ಕೆ ಎಡವಿದಳು, ಎತ್ತಿ ಮತ್ತೆ ಅಲ್ಲೇ ಇಟ್ಟಳು. ಹೆಣ್ಣೋ ಗಂಡೋ ಎಂಬ ಮಾತನ್ನು ಆ ಮನೆಯಲ್ಲಿ ಯಾರೂ ಆಡಲಿಲ್ಲ. ಕೂಸು ಒದ್ದಾಗ ಅವಳು ಅಮ್ಮನ ಕೈ ಹಿಡಿದು ಹೊಟ್ಟೆಯ ಮೇಲಿಡಲು ನೋಡುತ್ತಿದ್ದಳು. ಮೊದಮೊದಲು ಚನ್ನಕ್ಕ ಕೈ ಹಿಂದೆಗೆಯುತ್ತಿದ್ದರು. ಎರಡು ಒದೆತ, ಒಂದಿಷ್ಟು ಬಿಡುವು, ಮತ್ತೆ ಎರಡು ಒದೆತ.

ಮಾರ್ಚ್ 16ರ ಮಧ್ಯಾಹ್ನ ಗಂಡು ಮಗು ಹುಟ್ಟಿತು. ನಿವೇದಿತಾ ಸಂಜೆ ಕೆಲಸ ಮುಗಿಸಿ ತಾವೇ ಹೆರಿಗೆ ಆಸ್ಪತ್ರೆಗೆ ಬಂದರು. ಕಿಟಕಿಯ ಪರದೆ ಎಳೆದು, ಮಗುವಿನ ರೆಪ್ಪೆ ಬಿಡಿಸಿ, ಟಾರ್ಚ್ ಹಾಕಿದರು. ಚನ್ನಕ್ಕ ಅವರ ಭುಜದ ಹಿಂದೆ ನಿಂತಿದ್ದರು. ಟಾರ್ಚ್ ಬೇಕಾಗಿರಲಿಲ್ಲ. ಪಾಪೆಗಳು ಮಜ್ಜಿಗೆಯ ಬಣ್ಣಕ್ಕಿದ್ದವು. ಮಗುವನ್ನು ಎತ್ತಿ ಅಜ್ಜಿಯ ಕೈಗೆ ಕೊಟ್ಟಾಗ ಅದರ ತೋಳು ಒದ್ದೆ ಬಟ್ಟೆಯಂತೆ ಕೆಳಗೆ ಜೋತುಬಿತ್ತು. ಆ ಭಾರ ಚನ್ನಕ್ಕನಿಗೆ ಗೊತ್ತಿತ್ತು.

ಊರಿನಿಂದ ಚನ್ನಕ್ಕನ ತಾಯಿ ಎಸ್‌ಟಿಡಿ ಬೂತಿನಿಂದ ಕಾರ್ಖಾನೆಗೆ ಫೋನ್ ಮಾಡಿಸಿದರು. ಬಸು ಹೊಳ್ಳಿ ಬಂದಿದ್ದಾನೆ, ಅದೇ ಹೆಸರಿಡಿ ಎಂದು ಹೇಳಿಸಿದರು. ದಾನೇಶ್ವರಿ ಒಪ್ಪಲಿಲ್ಲ. ಇವನು ಇವನೇ, ಮತ್ತೊಬ್ಬನಲ್ಲ ಎಂದಳು. ಬೇರೆ ಹೆಸರೂ ಇನ್ನೂ ಇಟ್ಟಿಲ್ಲ, ಆಸ್ಪತ್ರೆಯ ಫೈಲಿನಲ್ಲಿ ಅವನು ದಾನೇಶ್ವರಿಯ ಗಂಡು ಮಗು. ಶಿವರಾಜ್ ಭಾನುವಾರ ಬಂದು ಹೋಗುತ್ತಾನೆ. ರುದ್ರಮ್ಮ ಈವರೆಗೆ ಬಂದಿಲ್ಲ. ಮಗ ವಾಪಸ್ ಹೋದಾಗ, ಕೂಸಿಗೆ ನೀರು ಕುಡಿಸುತ್ತಿದ್ದಾರೆಯೇ ಎಂದು ಕೇಳುತ್ತಾರಂತೆ.

ಚನ್ನಕ್ಕ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ, ಡಾಕ್ಟರ್ ಹೇಳಿದಷ್ಟು ಕಾಯಿಸಿ ಆರಿಸಿದ ನೀರನ್ನು ಒಳಲೆಯಲ್ಲಿ ಹನಿಹನಿಯಾಗಿ ಮಗುವಿನ ಬಾಯಿಗೆ ಬಿಡುತ್ತಾರೆ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಲೋಟದ ಸದ್ದು ಈಗಲೂ ಬರುತ್ತದೆಯೇ ಎಂದು ಜೊತೆಯವರು ಕೇಳಿದರೆ, ಬರುತ್ತದೆ ಎನ್ನುತ್ತಾರೆ.

ಏಪ್ರಿಲ್ ಎರಡನೇ ವಾರ ಶಸ್ತ್ರಚಿಕಿತ್ಸೆಯ ದಿನ ಗೊತ್ತಾಯಿತು. ಮೊದಲು ಎಡಗಣ್ಣು, ಎರಡು ವಾರ ಬಿಟ್ಟು ಬಲಗಣ್ಣು. ಅರಿವಳಿಕೆ ಕೊಡುವ ನಾಲ್ಕು ಗಂಟೆ ಮೊದಲಿನಿಂದ ಮಗುವಿಗೆ ಹಾಲು, ನೀರು ಏನನ್ನೂ ಬಾಯಿಗೆ ಕೊಡುವಂತಿಲ್ಲ ಎಂದು ನರ್ಸ್ ಹೇಳಿದಳು. ಚನ್ನಕ್ಕ ಹೊರಗಿನ ಬೆಂಚಿನ ಮೇಲೆ ಹೋಗಿ ಕೂತರು. ಅರ್ಧ ಗಂಟೆಯ ನಂತರ ಎದ್ದು ನಿವೇದಿತಾರ ಕೋಣೆಗೆ ಹೋದರು. ಆ ನಾಲ್ಕು ಗಂಟೆಯೂ ನರಕ್ಕೆ ಡ್ರಿಪ್ ಹಾಕಿರುತ್ತಾರೆ, ಮೈಯಲ್ಲಿ ನೀರು ಕಡಿಮೆಯಾಗಲು ಬಿಡುವುದಿಲ್ಲ ಎಂದು ನಿವೇದಿತಾ ಹೇಳಿದರು. ಬಾಯಿಮಾತು ಬೇಡ, ಮಗುವಿನ ಚೀಟಿಯ ಮೇಲೆ ಬರೆಯಿರಿ ಎಂದು ಚನ್ನಕ್ಕ ಕೇಳಿದರು. ನಿವೇದಿತಾ ಬರೆದು, ಕೆಳಗೆ ಗೆರೆ ಎಳೆದು, ಸಹಿ ಹಾಕಿದರು.

ಶಸ್ತ್ರಚಿಕಿತ್ಸೆ ಏಪ್ರಿಲ್ 19ರ ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ. ಡ್ರಿಪ್ ನಸುಕಿನ ನಾಲ್ಕು ಗಂಟೆಗೆ ಶುರುವಾಗುತ್ತದೆ.